ಕಾಯಿನೀರು ಬಿದ್ದ ಸದ್ದು

ಆ ರೆಸಿಸ್ಟರನ್ನು ನಾನು ತೆಗೆಯುವುದಿಲ್ಲ. ಬೇಕಾದರೆ ನನ್ನ ಇಡೀ ಕೆಲಸವನ್ನೇ ಕಸದಬುಟ್ಟಿಗೆ ಹಾಕಲಿ.

ಮರಾಠಿ ನಾಡಿನ ನೌಪಾಡಾದಲ್ಲಿ ಅಪ್ಪನ ಹೋಟೆಲಿತ್ತು. ಕೈ ತೊಳೆಯುವ ಜಾಗದ ಪಕ್ಕ ಒಂದು ವಿಡಿಯೋ ಗೇಮ್ ಪೆಟ್ಟಿಗೆ. ಆ ಕಾಲದ ಆಟಗಳಲ್ಲಿ ಸದ್ದು ಮೊದಲೇ ಮುದ್ರಿಸಿಟ್ಟದ್ದಲ್ಲ. ವಿದ್ಯುತ್ತು ಹಿಡಿದಿಡುವ ಕೆಪಾಸಿಟರ್ ತುಂಬಿ ಖಾಲಿಯಾಗುವಾಗ ಅಲ್ಲೇ ಹುಟ್ಟುವಂಥದ್ದು. ಒಂದು ಆಯುಧ ಪೂಜೆಯ ದಿನ ಅಪ್ಪ ಗ್ರೈಂಡರಿಗೆ, ತಕ್ಕಡಿಗೆ, ಒಲೆಗೆ ಕುಂಕುಮ ಹಚ್ಚಿ ಆ ಪೆಟ್ಟಿಗೆಯ ಹಿಂಬಾಗಿಲು ತೆರೆಸಿದರು. "ದುಡಿಯುದು ಒಳಗಿನ ಯಂತ್ರ ಅಲ್ವಾ? ಬರೀ ಹಲಗೆಗೆ ಪೂಜೆ ಮಾಡ್ಲಿಕ್ಕೆ ನಂಗೆಂತ ಮರುಳಾ?" ಎಂದು ಕಾಯಿ ಒಡೆದು ನೀರನ್ನು ಧಾರಾಳವಾಗಿ ಒಳಗೇ ಚಿಮುಕಿಸಿದರು.

ಒಣಗಿದ ಮೇಲೆ ಆಟವೇನೋ ನಡೆಯಿತು. ಆದರೆ ಆಟದಲ್ಲಿ ಸೋತು ನಮ್ಮ ಹಡಗು ಸಿಡಿದಾಗ ಗುಡುಗಿ ನಿಧಾನವಾಗಿ ಕರಗುತ್ತಿದ್ದ ಸದ್ದು ಈಗ ಒಮ್ಮೆ ಕೆಮ್ಮಿ ಗಕ್ಕನೆ ನಿಲ್ಲುತ್ತಿತ್ತು. ಅದು ಕೇಳಿದ್ದೇ ತಡ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಪ್ಪ ತಲೆಯೆತ್ತದೆ ಕೂಗುತ್ತಿದ್ದರು: "ಗೇಮ್ ಝಾಲಾ, ಘರೀ ಜಾ! ಓದ್ಲಿಕ್ಕಿಲ್ವಾ ನಿಂಗೆ?" ಆಟ ಮುಗೀತು, ಮನೆಗೆ ಹೋಗಿ ಎಂಬ ಮರಾಠಿ ಊರ ಮಕ್ಕಳಿಗೆ, ಕನ್ನಡ ನನಗೊಬ್ಬಳಿಗೆ.

ಹೋಟೆಲು ಮುಚ್ಚಿತು. ಆ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡು ಕೆಟ್ಟು ಖಾರಘರದ ನನ್ನ ಫ್ಲಾಟಿನಲ್ಲಿದೆ. ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಬದುಕಿಸುವ ಹವ್ಯಾಸಿಗಳ ಗುಂಪೊಂದಕ್ಕಾಗಿ ಅದರ ಸದ್ದು ಹುಟ್ಟುವ ಬಗೆಯನ್ನು ಲೆಕ್ಕವಾಗಿ ಬರೆಯಲು ಕೂತೆ. ಕಚೇರಿಗೆ ಹೋಗುವ ಲೋಕಲ್ ರೈಲಿನಲ್ಲೂ ಇಯರ್‌ಫೋನ್ ಹಾಕಿಕೊಂಡು ಅದೇ ಧ್ಯಾನ. ತಯಾರಕರ ಸರ್ಕ್ಯೂಟ್ ನಕ್ಷೆಯಂತೆ ಬರೆದಾಗ ಸಿಡಿತ ಚೆಂದವಾಗಿ ಗುಡುಗಿತು. ಈಗ ನನ್ನ ಜೊತೆಗೇ ಇರುವ ಅಪ್ಪನಿಗೆ ಅದನ್ನು ಕೇಳಿಸಿದೆ. "ಎಂತ ಅದು, ಮಳೆಯಾ?" ಎಂದು ಪೇಪರಿಗೆ ಮರಳಿದರು. ನನಗೆ ಅಳುವೇ ಬಂತು.

ಬೋರ್ಡಿಗೆ ಮೀಟರ್ ಹಿಡಿದೆ. ಕೆಪಾಸಿಟರಿನ ಎರಡು ಕಾಲುಗಳ ನಡುವೆ ಕಾಯಿನೀರಿನ ಕಂದು ಕಲೆ ಇನ್ನೂ ಅಂಟಿತ್ತು. ವಿದ್ಯುತ್ತು ಅದರ ಮೂಲಕ ಸೋರಿ ಸದ್ದನ್ನು ಬೇಗ ಮುಗಿಸುತ್ತಿತ್ತು. ಆ ಸೋರಿಕೆಯನ್ನು ಒಂದು ರೆಸಿಸ್ಟರ್ ಎಂದು ಲೆಕ್ಕಕ್ಕೆ ಸೇರಿಸಿ ಕಳಿಸಿದೆ. ನಕ್ಷೆಯಲ್ಲಿ ಇಲ್ಲದ್ದು ದೋಷ, ತೆಗೆದರಷ್ಟೇ ಸ್ವೀಕರಿಸುತ್ತೇವೆ ಎಂದು ಗುಂಪಿನ ಹಿರಿಯನೊಬ್ಬ ಬರೆದ.

ದೋಷವಂತೆ! ನಕ್ಷೆ ಬರೆದವನು ನೌಪಾಡಾದಲ್ಲಿ ಒಂದು ದಿನವಾದರೂ ಇಡ್ಲಿ ತಿಂದಿದ್ದನೇ? ಅವನ ಗುಡುಗು ಅವನಿಗಿರಲಿ. ನಾವು ಸೋತದ್ದು, ಗೆದ್ದದ್ದು, ಬೈಸಿಕೊಂಡದ್ದು ಈ ಕೆಮ್ಮಿನ ಜೊತೆಗೆ. ಕಾಯಿನೀರು ಬಿದ್ದ ಮೇಲೆ ಅದು ನಮ್ಮ ಯಂತ್ರ.

ಸಿಟ್ಟಿನಲ್ಲಿ ಉತ್ತರ ಬರೆಯಲು ಹೋಗಿ ತಡೆದುಕೊಂಡೆ. ಮೊದಲು ಆ ಸದ್ದನ್ನು ಸ್ಪೀಕರಿನಲ್ಲಿ ಜೋರಾಗಿ ಬಿಟ್ಟೆ. ಒಂದು ಕೆಮ್ಮು, ಗಕ್ಕನೆ ಮೌನ.

ಒಳಕೋಣೆಯಿಂದ ಅಪ್ಪನ ದನಿ ಬಂತು: "ಓದ್ಲಿಕ್ಕಿಲ್ವಾ ನಿಂಗೆ?"

ತೆಗೆಯುವುದಿಲ್ಲ ಎಂದು ಬರೆದು ಕಳಿಸಿದೆ.