ವಿಮಾನ ಬೀಳದ ಪುಸ್ತಕ

ಐವತ್ತೆಂಟನೇ ಇಸವಿಯ ಸುಮಾರಿಗೆ ನಾನು ಸೊರಬದ ಲೈಬ್ರರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಜಡೆ ಊರಿನ ಬಸ್ಸಿಳಿದು ಹಿರಿಯಮ್ಮ ಒಬ್ಬರು ಬಂದರು.

"ಮಗ ಮಿಲಿಟ್ರಿ ಇಮಾನದಾಗೆ ಹಾರ್ತಾನೆ. ಅದ್ರ ಮ್ಯಾಲಿನ ಒಳ್ಳೇ ಪುಸ್ತಕ ಯಾವ್ದೈತ್ರೀ? ಸೊಸೆ ಓದ್ಬೇಕಂತಾಳೆ."

ವಿಮಾನವೆಂದರೆ ನನಗೂ ಹುಚ್ಚು. ಮೂರು ಪುಸ್ತಕ ತೆಗೆದು ಒಂದೊಂದನ್ನೂ ಹೊಗಳತೊಡಗಿದೆ. ಆಕೆ ನಡುವೆಯೇ ತಡೆದರು.

"ಇದ್ರಾಗೆ ಇಮಾನ ಬೀಳ್ತಾವೇನ್ರೀ?"

ಯುದ್ಧದ ಪುಸ್ತಕದಲ್ಲಿ ಬೀಳದೆ ಇರುತ್ತವೆಯೇ? "ಸ್ವಲ್ಪ" ಎಂದೆ.

"ಬೀಳ್ದೇ ಇರೋದು ಕೊಡ್ರೀ. ಅವ್ಳು ಬಸುರಿ."

ಅಂಥದ್ದು ನನ್ನಲ್ಲಿರಲಿಲ್ಲ. ಇದ್ದುದರಲ್ಲೇ ಕಡಿಮೆ ಬೀಳುವ, ಹಾರಾಟದ ಚರಿತ್ರೆಯೊಂದನ್ನು ಕೊಟ್ಟು ಕಳಿಸಿದೆ.

ತಿಂಗಳಾದ ಮೇಲೆ ಆಕೆಯೇ ಪುಸ್ತಕ ವಾಪಸು ತಂದರು. ಅಲ್ಲಲ್ಲಿ ಹಾಳೆಗಳನ್ನು ಜೋಡಿಸಿ, ಕೌದಿ ಹೊಲಿಯುವ ಕೆಂಪು ದಾರದಲ್ಲಿ ಹೊಲಿದುಬಿಟ್ಟಿದ್ದರು!

"ಮೊದ್ಲು ಮೇಷ್ಟ್ರ ಹತ್ರ ಓದಿಸ್ಕಂಡೆ. ಬೀಳೋ ಕಡೆಯೆಲ್ಲ ಹೊಲಿದು ಆಮ್ಯಾಲೆ ಅವ್ಳಿಗೆ ಕೊಟ್ಟೆ. ಹರಿದಿತ್ತು, ಲೈಬ್ರರಿಯೋರೇ ಹೊಲಿದಾರೆ ಅಂದೆ. ಪಾಪ, ನಂಬಿದ್ಲು."

ಪುಸ್ತಕ ಕೆಡಿಸಬಾರದೆಂಬ ಬೋರ್ಡು ಬರೆದವನು ನಾನೇ. ಆದರೂ ಆಕೆಯ ಮುಖ ನೋಡಿ ಪುಸ್ತಕವನ್ನು ಹಾಗೇ ತೆಗೆದುಕೊಂಡೆ.

ಅವರು ಹೋದ ಮೇಲೆ ಬಿಚ್ಚಲೆಂದು ಕತ್ತರಿ ಹಿಡಿದು ಕೂತೆ. ಆಗ ಕಂಡಿತು: ಪ್ರತಿ ಹೊಲಿಗೆಯ ಪಕ್ಕದಲ್ಲೂ ದಾರವಿಲ್ಲದ ಇನ್ನೊಂದು ಸಾಲು ತೂತು. ಸೊಸೆ ಎಲ್ಲವನ್ನೂ ಬಿಚ್ಚಿ ಓದಿದ್ದಳು. ಅತ್ತೆಗೆ ಗೊತ್ತಾಗದಂತೆ ಅದೇ ಕೆಂಪು ದಾರದಲ್ಲಿ ಮತ್ತೆ ಹೊಲಿದಿಟ್ಟಿದ್ದಳು.

ಕತ್ತರಿ ಕೆಳಗಿಟ್ಟೆ. ಬೋರ್ಡು ಬರೆದ ಕೈಯಲ್ಲೇ ರಿಜಿಸ್ಟರಿನಲ್ಲಿ ಬರೆದೆ: 'ಪುಸ್ತಕ ಸುಸ್ಥಿತಿಯಲ್ಲಿದೆ.'