ಹಿಂದಿನ ಸೀಟಿನ ಪರೀಕ್ಷೆ

ಚಳ್ಳಕೆರೆಯ ನಮ್ಮ ಗ್ಯಾರೇಜ್ ಮೇಸ್ತ್ರಿಗೆ ಕಾರಿನ ರೋಗ ಏನೆಂದು ಯಾರೂ ಹೇಳುವಂತಿರಲಿಲ್ಲ. ಬಾಯಿ ತೆರೆದರೆ ಸಾಕು, "ನೀವು ಹೇಳ್ಬ್ಯಾಡ್ರಿ, ಅದೇ ಹೇಳ್ಲಿ" ಎಂದು ಚಪ್ಪಲಿ ಕಳಚಿ ಬರಿಗಾಲಲ್ಲಿ ಒಳಗೆ ಕೂರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅಪ್ಪನ ಹಳೆಯ ಕಾರು ಬ್ರೇಕ್ ಹಾಕಿದಾಗಲೆಲ್ಲ ಗಡಗಡ ನಡುಗುತ್ತಿತ್ತು. ದೊಡ್ಡ ಊರಿನ ಗ್ಯಾರೇಜಿನವರು ಮುಂದಿನ ಚಕ್ರಗಳನ್ನು ಎರಡು ಸಲ ಬಿಚ್ಚಿ ಜೋಡಿಸಿ, ಕೊನೆಗೆ ಮಾರಿಬಿಡಿ ಎಂದಿದ್ದರು. ಮೇಸ್ತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಶುರಾಂಪುರದ ರಸ್ತೆಯಲ್ಲಿ ಕಾರು ಓಡಿಸುತ್ತ, ಕಾಲಿನ ಬ್ರೇಕ್ ಮುಟ್ಟದೆ ಹ್ಯಾಂಡ್‌ಬ್ರೇಕನ್ನಷ್ಟೇ ಮೆಲ್ಲಗೆ ಎಳೆದರು. ಕಾರು ನಡುಗಿತು.

"ಇದು ಹಿಡಿಯೋದು ಹಿಂದಿನ ಚಕ್ರ ಮಾತ್ರ, ಸಾವ್ಕಾರ್ರೆ. ರೋಗ ಅಲ್ಲೈತೆ."

ಹಿಂದಿನ ಬ್ರೇಕ್ ಡ್ರಮ್ಮನ್ನು ಲೇತಿನಲ್ಲಿ ತಿರುಗಿಸಿದಾಗ ಉಳಿ ಒಂದೇ ಕಡೆ ತಾಗಿತು. ದುಂಡಗೆ ಕಾಣುತ್ತಿದ್ದ ಡ್ರಮ್ ಸೊಟ್ಟಗಾಗಿತ್ತು. ಸುತ್ತಲೂ ಸಮನಾಗಿ ತಾಗುವವರೆಗೆ ಕೆರೆಸಿ, ತಂದು ಜೋಡಿಸಿದರು.

ಅಪ್ಪ ಕೀಲಿಗೆ ಕೈ ಚಾಚಿದರು. "ತಡೀರಿ" ಎಂದವರೇ ಮೇಸ್ತ್ರಿ ಮನೆಗೆ ಹೋಗಿ ತಮ್ಮ ತಾಯಿಯನ್ನು ಕರೆತಂದು, ಏನೂ ಹೇಳದೆ ಹಿಂದಿನ ಸೀಟಿನಲ್ಲಿ ಕೂರಿಸಿದರು. ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆಯೇ ಆಯುಷ್ಯ ಕಳೆದ ಅಜ್ಜಿ ಅವರು. ರೇಷ್ಮೆ ಸೀರೆಯಲ್ಲಿ ಒಂದೆಳೆ ತಪ್ಪಿದರೂ ಕಣ್ಣುಮುಚ್ಚಿ ಬೆರಳಿಟ್ಟು ತೋರಿಸುತ್ತಿದ್ದರಂತೆ.

ಅಪ್ಪನನ್ನೂ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಮೇಸ್ತ್ರಿ ಜೋರಾಗಿ ಹೋಗಿ ಬ್ರೇಕ್ ಒತ್ತಿದರು. ಕಾರು ನಿಂತಿತು. ಕಿಟಕಿಯಾಚೆ ಕುರಿಮಂದೆ ನೋಡುತ್ತಿದ್ದ ಅಜ್ಜಿ ಇತ್ತ ತಿರುಗಿದರು.

"ಯಾಕ್ಲೇ ನಿಲ್ಸಿದೆ? ಊರು ಬಂತೇನು?"

ಮೇಸ್ತ್ರಿ ಕೀಲಿ ತೆಗೆದು ಅಪ್ಪನ ಅಂಗೈಯಲ್ಲಿಟ್ಟರು.

"ಕೇಳಿದ್ರಾ, ಸಾವ್ಕಾರ್ರೆ? ನಮ್ಮವ್ವಂಗೇ ನಡುಕ ಗೊತ್ತಾಗ್ಲಿಲ್ಲ."