ವಿಮಾನದ ಕಾರ್ಡು, ಮದುವೆಯ ಬಸ್ತಾ

ನನ್ನ ಅಂಗಿಯ ಕಿಸೆಯಲ್ಲಿ ಎರಡು ಕಾರ್ಡುಗಳಿವೆ. ಒಂದು, ಹಿರಿಯ ನಾಗರಿಕರಿಗೆ ಬಸ್ಸಿನಲ್ಲಿ ರಿಯಾಯಿತಿ ಕೊಡಿಸುವ, ಮೂಲೆ ಮುರಿದ ಕಾರ್ಡು. ಇನ್ನೊಂದು, ವಿಮಾನದ ಚಿತ್ರವಿರುವ, ಬಿಸಿಲಿಗೆ ಹಿಡಿದರೆ ಮಿನುಗುವ ಕ್ರೆಡಿಟ್ ಕಾರ್ಡು. ಮೊದಲನೆಯದು ನನ್ನನ್ನು ಅತನೂರಿನಿಂದ ಅಫಜಲಪುರಕ್ಕೆ ಲೆಕ್ಕವಿಲ್ಲದಷ್ಟು ಸಲ ಕರೆದೊಯ್ದಿದೆ. ಎರಡನೆಯದು ಎಲ್ಲಿಗೂ ಕರೆದೊಯ್ದಿಲ್ಲ. ಆದರೆ ಅದರ ಆಸೆಗೆ ನಾನು ಮಾಡಿದ್ದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಮೆಟ್ರಿಕ್ ಮುಗಿಸಿ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಲೇ ಮುದುಕನಾದವನು ನಾನು. ತೂಕದಲ್ಲಿ ನನ್ನನ್ನು ಯಾರೂ ಏಮಾರಿಸಲಾರರೆಂಬ ಜಂಬವಿತ್ತು. ಠೇವಣಿಯ ಮೇಲೆ ಕಾರ್ಡು ಕೊಡುತ್ತೇವೆಂದ ಬ್ಯಾಂಕಿನವರು ಎರಡು ಬಗೆಯವನ್ನು ಮುಂದಿಟ್ಟರು. ಒಂದಕ್ಕೆ ವಾರ್ಷಿಕ ಶುಲ್ಕವಿಲ್ಲ, ಖರ್ಚಿನ ಸಣ್ಣ ಪಾಲು ಹಣವಾಗಿಯೇ ಮರಳುತ್ತದೆ. ಇನ್ನೊಂದಕ್ಕೆ ಶುಲ್ಕವಿದೆ, ಬದಲಿಗೆ ಪ್ರಯಾಣದ ಪಾಯಿಂಟುಗಳು, ವಿಮಾನ ನಿಲ್ದಾಣದ ಮೆತ್ತನೆಯ ಕೋಣೆಯಲ್ಲಿ ಪುಕ್ಕಟೆ ತಿಂಡಿ. ವಿಮಾನವನ್ನು ಹೊಲದಲ್ಲಿ ನಿಂತು ಕತ್ತೆತ್ತಿ ನೋಡಿದವನಷ್ಟೇ ನಾನು, ಆ ತಿಂಡಿಗೆ ಸೋತೆ. ಪಾಯಿಂಟುಗಳು ಒಂದೇ ಕಂಪನಿಯ ವಿಮಾನಕ್ಕೆ ಸಲ್ಲುತ್ತವೆ, ಆ ವಿಮಾನ ನಮ್ಮ ಹತ್ತಿರದ ನಿಲ್ದಾಣಕ್ಕೆ ಬರುವುದಿಲ್ಲ, ಪೆಟ್ರೋಲಿಗೆ ಪಾಯಿಂಟೇ ಇಲ್ಲ ಎಂಬುದನ್ನೆಲ್ಲ ಆಮೇಲೆ ಭೂತಗನ್ನಡಿ ಹಿಡಿದು ಓದಿದೆ. ಓದಿ ತಿಳಿದ ಒಂದೇ ಲಾಭವೆಂದರೆ, ಮೊದಲ ಮೂರು ತಿಂಗಳಲ್ಲಿ ದೊಡ್ಡ ಖರೀದಿ ಮಾಡಿದರೆ ಪಾಯಿಂಟುಗಳು ರಾಶಿಯಾಗಿ ಬೀಳುತ್ತವೆ ಎಂಬುದು.

ಅದೇ ಹೊತ್ತಿಗೆ, ತೀರಿಹೋದ ನನ್ನ ತಮ್ಮನ ಮಗಳು ಶಿವಲೀಲಾಳ ಮದುವೆ ಜೇವರ್ಗಿಯ ಮನೆತನಕ್ಕೆ ಗೊತ್ತಾಯಿತು. ನಮ್ಮ ಕಡೆ ಮದುವೆಯ ಬಟ್ಟೆಗಳನ್ನೆಲ್ಲ ಎರಡೂ ಮನೆಯವರು ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೂತು ಆರಿಸುತ್ತಾರೆ. ಅದಕ್ಕೆ ಬಸ್ತಾ ಅನ್ನುತ್ತೇವೆ. ಅಂಗಡಿ ಯಾವುದೆಂದು ಹೇಳುವವನು ಮನೆಯ ಹಿರಿಯ. ನಮ್ಮ ಮನೆಯ ಬಸ್ತಾ ಅಜ್ಜನ ಕಾಲದಿಂದಲೂ ಅಫಜಲಪುರದ ಖಾಜಾಸಾಬರ ಮನೆತನದ ಅಂಗಡಿಯಲ್ಲೇ. ಖಾಜಾಸಾಬ ನನ್ನ ಜೊತೆ ಶಾಲೆ ಕಲಿತವನು. ಅವನ ಅಂಗಡಿಯಲ್ಲಿ ಕಾರ್ಡು ಉಜ್ಜುವ ಯಂತ್ರವಿಲ್ಲ. ಬಸ್ತಾವನ್ನು ನಾನು ಕಲಬುರಗಿಯ ದೊಡ್ಡ ಅಂಗಡಿಗೆ ಒಯ್ದೆ.

ಅಷ್ಟೇ ಆಗಿದ್ದರೆ ಅದನ್ನು ಬರಿಯ ಆಸೆ ಎನ್ನಬಹುದಿತ್ತು. ಖಾಜಾಸಾಬ ಎದುರಾಗಿ, "ಮಲ್ಲಣ್ಣ, ನನ್ನ ಅರಿವ್ಯಾಗ ಏನ್ ಕಮ್ಮಿ ಆತಪಾ?" ಎಂದು ಕೇಳಿದಾಗ, "ನಂದೇನದ ಮಾರಾಯ, ಜೇವರ್ಗಿ ಬೀಗರು ಹಟ ಹಿಡದ್ರು. ಸಣ್ಣ ಅಂಗಡಿ ಅವರಿಗಿ ಸೇರಂಗಿಲ್ಲಂತ" ಎಂದುಬಿಟ್ಟೆ. ಅವನು ಮದುವೆಗೆ ಬಂದು ಅಕ್ಷತೆ ಹಾಕಿ, ಉಣ್ಣದೆ ಹೋದ.

ಮಾತಿಗೆ ಟಿಕೆಟ್ ಬೇಕಿಲ್ಲ. ಯಾರದೋ ಬಾಯಿಂದ ಅದು ಜೇವರ್ಗಿಗೆ ಮುಟ್ಟಿತು. ನಾಲ್ಕು ತಿಂಗಳ ಮೇಲೆ ಶಿವಲೀಲಾಳನ್ನು ನೋಡಲು ಹೋದಾಗ ಅವಳು ನೀರಿನ ತಂಬಿಗೆ ಕೊಡುತ್ತ ಮೆಲ್ಲಗೆ ಹೇಳಿದಳು: "ದೊಡ್ಡಪ್ಪಾ, 'ನಿಮ್ಮ ಮಂದಿ ನಮ್ಮ ಹೆಸರು ಕೆಡಿಸ್ಯಾರ' ಅಂತ ನಾ ಬಸ್ತಾದ ಸೀರಿ ಉಟ್ಟಾಗೊಮ್ಮೆ ನಮ್ಮತ್ತಿ ಅಂತಾರ. ನಾ ಅವರಿಗಿ ಏನಂತ ಹೇಳ್ಲಿ?"

ತಂದೆಯಿಲ್ಲದ ಹುಡುಗಿ, ಹೊಸ ಮನೆಯಲ್ಲಿ ಅವಳ ಪರವಾಗಿ ಮಾತಾಡಬೇಕಾದ ನಾನೇ ಅವಳಿಗೆ ಮಾತು ತಂದಿಟ್ಟಿದ್ದೆ. ಪಡಸಾಲೆಗೆ ಹೋಗಿ ಬೀಗತಿಯ ಮುಂದೆ ಎಲ್ಲವನ್ನೂ ಹೇಳಿದೆ, ಕಾರ್ಡನ್ನೂ ತೆಗೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ಎಷ್ಟು ಮಂದಿ ಹೋಗಬಹುದ್ರಿ ಬೀಗರ?"

"ಒಬ್ಬರು ರೀ. ಅದೂ ಹೋಗೂದಕ್ಕಷ್ಟ."

"ಅಯ್ಯ ಶಿವನ! ನಾವು ನಿಮ್ಮ ಖಾಜಾಸಾಬರ ಅಂಗಡಿಗೇ ಹೋಗಮು ಅಂತಿದ್ವಿ. ನೀವು ಕಲಬುರ್ಗಿ ಅಂದದ್ದಕ್ಕ, ಹಿರ್ಯಾರ ಮಾತು ಅಂತ ಬಾಯಿ ಮುಚಗೊಂಡು ಬಂದೀವಿ." ಆಮೇಲೆ ಒಳಗೆ ಕೂಗಿದರು: "ಶಿವಲೀಲಾ, ನಿಮ್ಮ ದೊಡ್ಡಪ್ಪಗ ರೊಟ್ಟಿ ಹಚ್ಚವಾ. ಮತ್ತ ನೀನೂ ಇಲ್ಲೇ ಕೂಡು. ಇನ್ನ ನಿನಗ ಏನೂ ಅನ್ನಂಗಿಲ್ಲ."

ಕಾರ್ಡು ಆರಿಸುವವರಿಗೆ ನನ್ನಂಥವನು ಹೇಳಬಹುದಾದದ್ದು ಇಷ್ಟೆ. ಶುಲ್ಕ ನೋಡಿರಿ, ಪಾಯಿಂಟಿನ ಅವಧಿ ನೋಡಿರಿ, ವಿಮಾನ ನಿಮ್ಮೂರ ಹತ್ತಿರ ಇಳಿಯುತ್ತದೆಯೋ ವಿಚಾರಿಸಿರಿ. ಎಲ್ಲಕ್ಕಿಂತ ಮೊದಲು, ಈಗ ನೀವು ಕೊಳ್ಳುತ್ತಿರುವ ಅಂಗಡಿಗಳಲ್ಲಿ ಅದು ನಡೆಯುತ್ತದೆಯೇ ಕೇಳಿರಿ. ನಡೆಯದಿದ್ದರೆ ಬಿಡಬೇಕಾದದ್ದು ಕಾರ್ಡು, ಅಂಗಡಿಯಲ್ಲ.

ಜೇವರ್ಗಿಯಿಂದ ಮರಳುವಾಗ ಅಫಜಲಪುರದಲ್ಲಿಳಿದು ನೇರ ಖಾಜಾಸಾಬನ ಅಂಗಡಿಗೆ ಹೋದೆ. ನಿಂತೇ ಎಲ್ಲ ಹೇಳಿದೆ. ಅವನು ಧೋತರದ ಥಾನು ಬಿಚ್ಚಿ ಅಳೆಯುತ್ತಲೇ ಕಿವಿಗೊಟ್ಟು, ಆಮೇಲೆ ಅಂದ:

"ಗೊತ್ತದ ನನಗ. ಬೀಗರು ಖರೇನ ಹಂಗ ಅಂದಿದ್ರ ನೀ ನನ್ನ ಕಣ್ಣಾಗ ಕಣ್ಣಿಟ್ಟು ಹೇಳತಿದ್ದಿ. ಅವತ್ತು ನನ್ನ ಚಪ್ಪಲಿ ನೋಡಕೋತ ಹೇಳ್ದಿ."

"ತಪ್ಪಾತು ಖಾಜಾ."

ಅವನು ಧೋತರದ ಒಂದು ಅಂಚನ್ನು ನನ್ನ ಕಡೆ ಎಸೆದು, "ಹಿಡಿ, ನೆಟ್ಟಗ ಹಿಡಿ, ಮಡಚೂದದ" ಎಂದ. ನಾನು ಚಪ್ಪಲಿ ಬಿಟ್ಟು ಒಳಗೆ ಹತ್ತಿದೆ.